ಸಾವಿರ ಮಾತ್ರೆ

ನಮ್ಮ ಪ್ರೆಸ್ಸಿನಲ್ಲಿ ಒಂದು ಹೈಸ್ಕೂಲಿನ ಬೆಳ್ಳಿಹಬ್ಬದ ಸಂಚಿಕೆ ಅಚ್ಚಾಗಿತ್ತು. ಕೊನೆಯ ಪ್ರೂಫ್ ನೋಡಿ ಸಹಿ ಹಾಕಿದವಳು ನಾನೇ. ಪುಸ್ತಕ ಬೈಂಡಾಗಿ ಹೋದ ಮೇಲೆ ಶಾಲೆಯವರು ಫೋನ್ ಮಾಡಿದರು. ಮುಖ್ಯೋಪಾಧ್ಯಾಯರ ಮಾತು ಇದ್ದ ಪುಟದಲ್ಲಿ ಒಂದೇ ಸಾಲು ಎರಡು ಸಲ ಬಿದ್ದಿತ್ತು. ಒಂದರ ಕೆಳಗೇ ಇನ್ನೊಂದು.

ಆಗ ನನಗೆ 44 ವರ್ಷ. ಗದಗಕ್ಕೆ ಮುದ್ರಣ ಕಾಶಿ ಅನ್ನುವ ಹೆಸರಿದೆ. ಈ ಊರಿನಲ್ಲಿ 20 ವರ್ಷ ಕರಡು ತಿದ್ದಿದ್ದೆ. ಪಂಚಾಂಗ, ಶಾಲೆಯ ಪುಸ್ತಕ, ಪುರಾಣ, ಲಗ್ನಪತ್ರಿಕೆ, ಏನೆಲ್ಲ ನೋಡಿದ್ದೆ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದರೆ ಪುಟ ತಿರುವುವಾಗಲೇ ಕಣ್ಣಿಗೆ ಚುಚ್ಚುತ್ತಿತ್ತು. ಒತ್ತಕ್ಷರ ಜಾರಿದ್ದರೆ ಸಿಕ್ಕಿಬೀಳುತ್ತಿತ್ತು. ಇಡೀ ಒಂದು ಸಾಲು ಹೇಗೆ ತಪ್ಪಿತು ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ನೆನೆಸಿಕೊಂಡರೆ ಬೇರೆ ಸಂಗತಿಗಳೂ ಇದ್ದವು. ಒಂದು ಸಾಲಿನ ಕೊನೆಗೆ ಹೋಗಿ ಮುಂದಿನ ಸಾಲಿಗೆ ಬರುವಾಗ ದಾರಿ ತಪ್ಪುತ್ತಿತ್ತು. ಬೆರಳು ಇಟ್ಟುಕೊಂಡು ಓದುವುದು ರೂಢಿಯಾಗಿತ್ತು. ಪ್ರೆಸ್ಸಿನ ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಮುಗಿದೇ ಹೋಗಿದೆ ಅನ್ನಿಸಿ ಎರಡು ಸಲ ಎಡವಿದ್ದೆ. ಚಾಳೀಸಿನ ನಂಬರು ಬದಲಾಗಿದೆ, ಅಷ್ಟೇ ಅಂದುಕೊಂಡೆ.

ಚಾಳೀಸು ಮಾಡಿಸಲು ಹೋದ ಅಂಗಡಿಯವರೇ ಹುಬ್ಬಳ್ಳಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿದೆ. 6/6. ಏನೂ ತೊಂದರೆ ಇಲ್ಲ ಅಂತ ಎದ್ದು ಬರುವವಳಿದ್ದೆ. ಆಮೇಲೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ನೀಲಿ ಬೆಳಕಿನ ಒಂದು ಸಣ್ಣ ಕೊಳವೆ ತಾಗಿಸಿ ಒತ್ತಡ ಅಳೆದರು. ಸಾಮಾನ್ಯವಾಗಿ 10ರಿಂದ 21ರ ಒಳಗೆ ಇರುತ್ತದೆ. ನನ್ನದು ಬಲಗಣ್ಣು 28, ಎಡಗಣ್ಣು 26.

ಮತ್ತೊಂದು ಪರೀಕ್ಷೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ನನ್ನ ಕಾಯಿಲೆ ಏನು ಅಂತ ನನಗೆ ಗೊತ್ತಾದದ್ದು ಅಲ್ಲಿಯೇ. ಕತ್ತಲೆ ಕೋಣೆ. ಒಂದು ಕಣ್ಣಿಗೆ ಪಟ್ಟಿ. ಬಿಳಿ ಬೋಗುಣಿಯ ಒಳಗೆ ಮುಖ ಇಟ್ಟ ಹಾಗೆ ಯಂತ್ರದಲ್ಲಿ ಗದ್ದ ಊರಿ ಕೂರಬೇಕು. ನಡುವೆ ಒಂದು ಬೆಳಕು, ಅದನ್ನೇ ನೋಡುತ್ತಿರಬೇಕು. ಅಕ್ಕಪಕ್ಕ, ಮೇಲೆ ಕೆಳಗೆ ಸಾಸಿವೆ ಕಾಳಿನಷ್ಟು ಬೆಳಕು ಮಿನುಗಿ ಆರುತ್ತದೆ. ಕಂಡಾಗ ಕೈಯಲ್ಲಿನ ಗುಂಡಿ ಒತ್ತಬೇಕು. ಒತ್ತುತ್ತಾ ಹೋದೆ. ನಡುವೆ ಎಷ್ಟೋ ಹೊತ್ತು ಏನೂ ಬರಲಿಲ್ಲ. ಯಂತ್ರ ನಿಂತಿತೇನೋ ಅಂದುಕೊಂಡೆ. ಯಂತ್ರ ನಿಂತಿರಲಿಲ್ಲ. ಬೆಳಕು ಬರುತ್ತಲೇ ಇತ್ತು, ನನಗೆ ಕಾಣುತ್ತಿರಲಿಲ್ಲ. ಹೊರಗೆ ಬಂದ ಮೇಲೆ ಕೈಗೆ ಕೊಟ್ಟ ಕಾಗದದಲ್ಲಿ ಬಲಗಣ್ಣಿನ ಚಿತ್ರದ ಕೆಳಭಾಗದಲ್ಲಿ ಬಿಲ್ಲಿನ ಆಕಾರದ ಒಂದು ಕಪ್ಪು. ಎಡಗಣ್ಣಿನಲ್ಲಿಯೂ ಕೆಳಗಡೆಯೇ, ಸ್ವಲ್ಪ ಸಣ್ಣದು.

ಗ್ಲಾಕೋಮಾ. ನಮ್ಮ ಕಡೆ ಹಳಬರು ಕಾಚಬಿಂದು ಅನ್ನುತ್ತಾರೆ. ಕಣ್ಣಿನ ಒಳಗೆ ಸದಾ ಒಂದು ನೀರು ಹುಟ್ಟಿ ಸಣ್ಣ ಜಾಲರಿಯಂಥ ದಾರಿಯಿಂದ ಹೊರಗೆ ಹರಿದು ಹೋಗುತ್ತದೆ. ಹೋಗುವ ದಾರಿ ಬಿಗಿಯಾದರೆ ಒಳಗೆ ಒತ್ತಡ ಏರುತ್ತದೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳು ಒಂದೊಂದಾಗಿ ಸಾಯುತ್ತವೆ. ನನಗೆ ಬಂದ ಬಗೆಯಲ್ಲಿ ನೋವಿಲ್ಲ. ಕೆಂಪಿಲ್ಲ. ಕಾಣದ ಜಾಗದಲ್ಲಿ ಕಪ್ಪು ಕಲೆಯೂ ಕಾಣಿಸುವುದಿಲ್ಲ, ಅಕ್ಕಪಕ್ಕದ್ದನ್ನು ನೋಡಿ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಎರಡನೇ ಸಲ ಬಿದ್ದ ಆ ಸಾಲನ್ನು ನಾನು ನೋಡದೇ ಇದ್ದದ್ದು ಹೀಗೆ.

ಡಾಕ್ಟರು ಒಳ್ಳೆಯವರೇ. ಆದರೆ ಹೊರಗೆ 60 ಜನ ಕೂತಿದ್ದರು. "ಹೋದದ್ದು ಬರೂದಿಲ್ರಿ. ಇದ್ದದ್ದು ಉಳಿಸ್ಕೊಳ್ಳೂಣು. ದಿನಾ ರಾತ್ರಿ ಒಂದು ಹನಿ, ಬಿಡಬ್ಯಾಡ್ರಿ" ಅಂದರು. ಎಷ್ಟು ದಿನ ಅಂತ ಕೇಳಿದೆ. "ಜೀವ ಇರೂತನಕ" ಅಂದರು. ಮೂರು ನಿಮಿಷ ಆಗಿರಬಹುದು. ಮುಂದಿನವರ ಹೆಸರು ಕರೆದರು.

ಗದಗಿನ ರೈಲಿನಲ್ಲಿ ಕೂತಾಗ ಅಪ್ಪನ ನೆನಪು ಬಂತು. ಅಪ್ಪ ಬೆಟಗೇರಿಯ ನೇಕಾರ. ಕುಣಿಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ. 60 ದಾಟಿದ ಮೇಲೆ ಎಳೆ ಹರಿದರೆ ಕಣ್ಣಿನಿಂದ ಹುಡುಕುವುದನ್ನು ಬಿಟ್ಟು ಅಂಗೈ ಆಡಿಸಿ ಹುಡುಕುತ್ತಿದ್ದ. ಮೋತಿಬಿಂದು ಬಂದಿದೆ, ಅಂದರೆ ಕಣ್ಣಿನ ಪೊರೆ, ಬಲಿಯಲಿ, ಆಮೇಲೆ ತೆಗೆಸಿದರಾಯಿತು ಅನ್ನುತ್ತಿದ್ದ. ಅವನ ಕಾಲದ ಎಲ್ಲರಿಗೂ ಗೊತ್ತಿದ್ದ ಕಣ್ಣಿನ ಕಾಯಿಲೆ ಅದೊಂದೇ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಬಂದು ಶಿಬಿರ ಹಾಕಿ ಸಾವಿರಾರು ಜನರ ಪೊರೆ ತೆಗೆದಿದ್ದರು. ಕಾಣದವರು ಎದ್ದು ನಡೆದುಹೋದದ್ದನ್ನು ಅಪ್ಪ ಕಣ್ಣಾರೆ ನೋಡಿದ್ದ. ಹಾಗಾಗಿ ತನಗೂ ಒಂದು ದಿನ ಪೊರೆ ತೆಗೆದರೆ ಮೊದಲಿನ ಹಾಗೆ ಕಾಣುತ್ತದೆ ಅಂತ ಕಾದ. ಕೊನೆಗೆ ತೋರಿಸಿದಾಗ ತೆಗೆಯುವಂಥ ಪೊರೆ ಇರಲಿಲ್ಲ, ನರ ಒಣಗಿತ್ತು. ಕೊನೆಯ ನಾಲ್ಕು ವರ್ಷ ಅವ್ವನ ಹೆಗಲು ಹಿಡಿದು ಓಡಾಡಿದ. ಅದು ಗ್ಲಾಕೋಮಾ ಅಂತ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೂ ಇದು ಮನೆತನದಲ್ಲಿ ಬರುತ್ತದೆ, ಮಕ್ಕಳಿಗೂ ತೋರಿಸಬೇಕು ಅನ್ನುವುದು ನಮಗೆ ಹೊಳೆಯುತ್ತಿರಲಿಲ್ಲ.

ಎರಡು ವರ್ಷ ಹನಿ ಹಾಕಿದೆ. ಒತ್ತಡ 18ಕ್ಕೆ ಇಳಿಯಿತು. ಆದರೆ ಅದು ನನಗೆ ಗೊತ್ತಾಗುವುದು ಹೇಗೆ? 28 ಇದ್ದಾಗಲೂ ಏನೂ ಅನ್ನಿಸಿರಲಿಲ್ಲ, 18 ಆದಾಗಲೂ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದೆಲ್ಲ ಹನಿಯ ಕಾಟ. ಬೆಳಿಗ್ಗೆ ಎದ್ದರೆ ಕಣ್ಣು ಕೆಂಪು. ಒಳಗೆ ಮರಳು ಬಿದ್ದ ಹಾಗೆ ಕರಕರ. ರೆಪ್ಪೆಯ ಕೂದಲು ಉದ್ದವಾದವು, ಕಣ್ಣಿನ ಸುತ್ತ ಕಪ್ಪಾಯಿತು. ಲಗ್ನಕ್ಕೆ ಹೋದರೆ "ಯಾಕವಾ, ನಿದ್ದಿ ಮಾಡಿಲ್ಲೇನು? ಮನ್ಯಾಗ ಏನರ ಆಗೇತೇನು?" ಅಂತ ಕೇಳುತ್ತಿದ್ದರು. ಬಾಟಲಿಯ ಮೇಲೆ ಬರೆದದ್ದು ಬರೀ 2.5 ಮಿಲಿ. ತೆರೆದ ಮೇಲೆ ಸುಮಾರು ಒಂದು ತಿಂಗಳು ಬಳಸಿ ಎಸೆಯಬೇಕು. ಇಷ್ಟು ಸಣ್ಣ ಬಾಟಲಿಗೆ ಜೀವಮಾನವಿಡೀ ಕಟ್ಟುಬಿದ್ದೆನಲ್ಲ ಅಂತ ಅಳು ಬರುತ್ತಿತ್ತು.

ಆಗ ಸಂಬಂಧಿಕರೊಬ್ಬರು ಕಪ್ಪತಗುಡ್ಡದ ಬದಿಯ ಒಂದು ಹಳ್ಳಿಯ ಬಗ್ಗೆ ಹೇಳಿದರು. ಅಲ್ಲಿ ಒಬ್ಬರು ಅಮಾವಾಸ್ಯೆಯ ದಿನ ಕಣ್ಣಿಗೆ ಸೊಪ್ಪಿನ ರಸ ಹಾಕುತ್ತಾರಂತೆ. ಕಪ್ಪತಗುಡ್ಡ ಔಷಧಿ ಗಿಡಗಳಿಗೆ ಹೆಸರಾದ ಗುಡ್ಡ. ಗಣಿ ಬರಬಾರದು ಅಂತ ನಮ್ಮ ಜಿಲ್ಲೆಯ ಜನ ವರ್ಷಗಟ್ಟಲೆ ಹೋರಾಡಿದ್ದು ಅದಕ್ಕಾಗಿಯೇ. 2019ರಲ್ಲಿ ಅದು ವನ್ಯಜೀವಿಧಾಮ ಆಯಿತು. ಆ ಗುಡ್ಡದ ಮೇಲೆ ನನಗೆ ಈಗಲೂ ಭಕ್ತಿ ಇದೆ. ಗುಡ್ಡದ ಹೆಸರು ಕೇಳಿದರೆ ನಮ್ಮವರಿಗೆ ಅರ್ಧ ನಂಬಿಕೆ ಬಂದುಬಿಡುತ್ತದೆ. ನನಗೂ ಹಾಗೆಯೇ ಆಯಿತು.

ಬೆಳಗಿನ ಜಾವವೇ ಸರದಿ ನಿಂತಿತ್ತು. ಅವರು ನನ್ನ ಕೈ ಹಿಡಿದು ಕೂರಿಸಿ, "ತಂಗೀ, ಎಷ್ಟು ದಿನದಿಂದ ನರಳಾಕತ್ತೀಯವಾ?" ಅಂತ ಕೇಳಿದರು. ಕಾಯಿಲೆ ಗೊತ್ತಾದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟೆ. ಹಸಿರು ರಸ ಹಾಕಿದರು, ಬೆಂಕಿ ಬಿದ್ದ ಹಾಗೆ ಉರಿದು, ಆಮೇಲೆ ತಂಪಾಯಿತು. ಕುಡಿಯಲು ಒಂದು ಪುಡಿ ಕೊಟ್ಟರು. "ಇಂಗ್ಲಿಷ್ ಔಷಧ ಬಂದ್ ಮಾಡು. ಒಂದು ಒರ್ಯಾಗ ಎರಡು ಕತ್ತಿ ಹಿಡಿಯೂದಿಲ್ಲ. ಐದು ಅಮಾಸಿ ಬಾ, ಹೋದ ಬೆಳಕು ವಾಪಸ್ ಬರತೈತಿ" ಅಂದರು.

ಹನಿ ನಿಲ್ಲಿಸಿದೆ. ಹದಿನೈದೇ ದಿನದಲ್ಲಿ ಕಣ್ಣಿನ ಕೆಂಪು ಹೋಯಿತು. ಕರಕರ ಕಡಿಮೆಯಾಯಿತು. ಸುತ್ತಲಿನ ಕಪ್ಪು ನಿಧಾನಕ್ಕೆ ತಿಳಿಯಾಗತೊಡಗಿತು. ಕನ್ನಡಿಯಲ್ಲಿ ನೋಡಿಕೊಂಡರೆ ಹಳೆಯ ನಾನು. ಔಷಧ ಹತ್ತಿತು ಅಂತ ಮನೆಯವರಿಗೆಲ್ಲ ಹೇಳಿದೆ. ಇನ್ನೂ ಇಬ್ಬರನ್ನು ಆ ಹಳ್ಳಿಗೆ ಕಳಿಸಿದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಬ್ಬರ ಮನೆಗೂ ಆಮೇಲೆ ಹೋಗಿ ತಪ್ಪಾಯಿತು ಅಂತ ಹೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ನಡೆದದ್ದು ಇಷ್ಟೇ. ಕೆಂಪು, ಕರಕರ, ಕಪ್ಪು ಮೂರೂ ಹನಿಯಿಂದ ಬಂದಿದ್ದವು. ಹನಿ ಬಿಟ್ಟ ಮೇಲೆ ಹೋಗತೊಡಗಿದವು. ಸೊಪ್ಪಿನ ರಸ ಮಾಡಿದ್ದೇನೂ ಇರಲಿಲ್ಲ. ನೋವಿಲ್ಲದ ಕಾಯಿಲೆ ಒಳಗೆ ಸುಮ್ನೆ ಏರುತ್ತಾ ಇತ್ತು. ಐದನೇ ಅಮಾವಾಸ್ಯೆ ಮುಗಿದ ವಾರ ನಮ್ಮ ಮನೆಯವರು ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಒತ್ತಡ 31. ಬಿಳಿ ಬೋಗುಣಿಯಲ್ಲಿ ಮತ್ತೆ ಮುಖ ಇಟ್ಟೆ. ಈ ಸಲ ಬೆಳಕು ಬಾರದ ಹೊತ್ತು ಇನ್ನೂ ಉದ್ದವಾಗಿತ್ತು. ಕಾಗದದಲ್ಲಿ ಬಲಗಣ್ಣಿನ ಬಿಲ್ಲು ದಪ್ಪವಾಗಿ ನಡುವಿನ ಹತ್ತಿರಕ್ಕೆ ಬಂದಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇನ್ನೊಂದು ಹನಿ ಸೇರಿಸಿದರು, ಅದು ಬೆಳಿಗ್ಗೆ ಸಂಜೆ. ದಮ್ಮು ಇದೆಯೇನು, ಹೃದಯದ ತೊಂದರೆ ಇದೆಯೇನು ಅಂತ ಎರಡೆರಡು ಸಲ ಕೇಳಿಯೇ ಬರೆದುಕೊಟ್ಟರು. ಆ ಎರಡನೇ ಹನಿ ದಮ್ಮು ಇದ್ದವರಿಗೆ ಆಗುವುದಿಲ್ಲ.

ಇಷ್ಟಾದ ಮೇಲೂ ನಾನು ಆಯುರ್ವೇದದ ಕಡೆ ಯಾಕೆ ಹೋದೆ ಅಂತ ಕೇಳಬಹುದು. ಎರಡು ಹನಿ ಆದ ಮೇಲೆ ಕಣ್ಣು ಒಣಗಿ ಕೊರಡಾಯಿತು. ಸಂಜೆ ನಾಲ್ಕರ ಮೇಲೆ ಒಂದು ಪುಟ ಓದುವುದೂ ಹಿಂಸೆ. ಅವ್ವ ಹಿತ್ತಲಿನ ನಂದಿಬಟ್ಟಲು ಹೂ ತಣ್ಣೀರಿನಲ್ಲಿ ನೆನೆಸಿ, ಮುಚ್ಚಿದ ರೆಪ್ಪೆಯ ಮೇಲೆ ಇಡುತ್ತಿದ್ದಳು. ನೆತ್ತಿಗೆ ಹರಳೆಣ್ಣೆ ಹಚ್ಚುತ್ತಿದ್ದಳು. ಹೂವಿನ ತಂಪಿಗೋ ಅವ್ವನ ಕೈಗೋ, ಅಷ್ಟು ಹೊತ್ತು ಹಾಯೆನಿಸುತ್ತಿತ್ತು. ಅಂಥ ಹಾಯಿ ನನಗೆ ಬೇಕಿತ್ತು. ಅದು ತಪ್ಪೇನಲ್ಲ ಅಲ್ವಾ?

ಈ ಸಲ ಹೋದದ್ದು ಆಯುರ್ವೇದ ಕಾಲೇಜಿನ ಆಸ್ಪತ್ರೆಗೆ. ಕಣ್ಣು, ಕಿವಿ, ಮೂಗು, ಗಂಟಲಿನ ವಿಭಾಗಕ್ಕೆ ಅಲ್ಲಿ ಶಾಲಾಕ್ಯ ಅನ್ನುತ್ತಾರೆ. ಬೋರ್ಡು ನೋಡಿದಾಗ ಮೊದಲು ಅಚ್ಚಿನ ತಪ್ಪು ಅಂದುಕೊಂಡೆ, ಆಮೇಲೆ ಗೊತ್ತಾಯಿತು, ಶಲಾಕೆ ಅಂದರೆ ಕಡ್ಡಿ, ಅದರಿಂದ ಬಂದ ಹೆಸರು. ವೈದ್ಯೆ ನನಗಿಂತ ಚಿಕ್ಕವರು. ನಾನು ಕತೆ ಶುರುಮಾಡುವ ಮೊದಲೇ ಕೈ ಚಾಚಿದರು.

"ರಿಪೋರ್ಟ್ ತಂದೀರೇನ್ರಿ ಅಕ್ಕಾರ?"

ಕೊಟ್ಟೆ. ಎರಡೂ ವರ್ಷದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಹನಿ ಬಿಟ್ಟೀರೇನು?"

"ಒಮ್ಮೆ ಬಿಟ್ಟಿದ್ದೆ. ಈಗ ಹಾಕಾಕತ್ತೀನ್ರಿ."

"ಹಂಗಾದ್ರ ಕುಂದರ್ರಿ. ಬಿಡಾಕಂತ ಬಂದಿದ್ರ ನಾ ನೋಡ್ತಿದ್ದಿಲ್ಲ."

ಒಂದು ತಾಸು ಕೂರಿಸಿಕೊಂಡರು. ಹೊಟ್ಟೆ, ನಿದ್ದೆ, ಊಟ, ಕೆಲಸದ ಬೆಳಕು, ಎಲ್ಲ ಕೇಳಿದರು. ಸ್ಲಿಟ್ ಲ್ಯಾಂಪ್ ಅನ್ನುವ ಕಣ್ಣು ನೋಡುವ ಯಂತ್ರದಲ್ಲಿ ನೋಡಿದರು. ನಾನು ಧೈರ್ಯ ಮಾಡಿ, ನಿಮ್ಮ ಶಾಸ್ತ್ರದಲ್ಲಿ ಇದಕ್ಕೆ ಏನಂತಾರೆ ಅಂತ ಕೇಳಿದೆ. ಅವರು ಹೇಳಿದ್ದು ನನಗೆ ಬಹಳ ಹಿಡಿಸಿತು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಕಣ್ಣಿನ 76 ರೋಗ ಎಣಿಸಿದ್ದಾರೆ. ಅದರಲ್ಲಿ ಅಧಿಮಂಥ ಅಂತ ಒಂದಿದೆ. ಮಂಥ ಅಂದರೆ ಕಡೆಯುವುದು. ಮಜ್ಜಿಗೆ ಕಡೆದ ಹಾಗೆ ಕಣ್ಣನ್ನು ಕಡೆದಂತೆ, ಅರ್ಧ ತಲೆ ಸಿಡಿದಂತೆ ನೋವು. ಗ್ಲಾಕೋಮಾದಲ್ಲಿ ಥಟ್ಟನೆ ನೋವಿನ ಜೊತೆ ಬರುವ ಒಂದು ಬಗೆ ಇದೆಯಲ್ಲ, ಅದಕ್ಕೆ ಇದು ಹತ್ತಿರ. "ನಿಮ್ಮದು ನೋವಿಲ್ಲದ್ದು ಅಕ್ಕಾರ. ಒಳಗಿನ ನರ ನೋಡಾಕ ಕನ್ನಡಿ ಬಂದದ್ದ 1851ರಾಗ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಮಾಡಿದ್ದು. ಅದಕ್ಕೂ ಮೊದಲು ಯಾರಿಗೂ ಒಳಗಿನ ನರ ಹಿಂಗ ಕಾಣತಿದ್ದಿಲ್ಲ. ಆ ಕಾಲದವರು ಹೇಳಿಲ್ಲ ಅಂತ ಅವರ ತಪ್ಪಲ್ಲ. ಹೇಳ್ಯಾರ ಅಂತ ಸುಳ್ಳು ಹೇಳೂದು ನಮ್ಮ ತಪ್ಪು."

ಆಮೇಲೆ ಒಂದು ಪದ ಹೇಳಿದರು. ಯಾಪ್ಯ. 20 ವರ್ಷ ಪದಗಳ ನಡುವೆ ಬದುಕಿದವಳು ನಾನು, ಈ ಪದ ಕೇಳಿರಲಿಲ್ಲ. ರೋಗಗಳಲ್ಲಿ ಗುಣವಾಗುವಂಥದ್ದು ಸಾಧ್ಯ. ಆಗದೇ ಇರುವುದು ಅಸಾಧ್ಯ. ನಡುವಿನದು ಯಾಪ್ಯ. ಚಿಕಿತ್ಸೆ ನಡೆಯುವ ತನಕ ನಿಂತಿರುತ್ತದೆ, ಬಿಟ್ಟರೆ ಬೀಳುತ್ತದೆ. ಇದಕ್ಕೆ ಸುಶ್ರುತ ಕೊಟ್ಟ ಹೋಲಿಕೆ, ಬೀಳಲಿರುವ ಮನೆಗೆ ಸರಿಯಾಗಿ ಕೊಟ್ಟ ಆಸರೆಯ ಕಂಬ.

ನನಗೆ ಕೂಡಲೇ ಬೆಟಗೇರಿಯ ನಮ್ಮ ಮನೆ ಕಣ್ಮುಂದೆ ಬಂತು. ಮಣ್ಣಿನ ಗೋಡೆಯ ಮಾಳಿಗೆ ಮನೆ. ಒಂದು ಮಳೆಗಾಲ ಪಡಸಾಲೆಯ ತೊಲೆ ಬಾಗಿತು. ಹೊಸ ಮನೆ ಕಟ್ಟಲು ದುಡ್ಡಿರಲಿಲ್ಲ. ಅಪ್ಪ ಹಳೆಯ ಮಗ್ಗದ ಒಂದು ಕಂಬ ತಂದು ತೊಲೆಯ ಕೆಳಗೆ ಕೊಟ್ಟ. ನಡುಮನೆಯಲ್ಲಿ ಕಾಲಿಗೆ ಅಡ್ಡ ಬರುತ್ತದೆ, ನೋಡಲು ಚೆಂದವಿಲ್ಲ. ಅದನ್ನು ಸುತ್ತು ಹಾಕಿಯೇ ನಾವು ಬೆಳೆದೆವು. ತಮ್ಮ ಈಗಲೂ ಅದೇ ಮನೆಯಲ್ಲಿದ್ದಾನೆ. ಕಂಬವೂ ಇದೆ. ಹನಿಯ ಬಾಟಲಿಯನ್ನು ನಾನು ಸಿಟ್ಟಿನಿಂದ ನೋಡುವುದು ಆ ದಿನ ನಿಂತಿತು. ಹುಬ್ಬಳ್ಳಿಯ ಡಾಕ್ಟರು ಮೂರು ನಿಮಿಷದಲ್ಲಿ ಹೇಳಿದ್ದೂ ಇದನ್ನೇ. ಆದರೆ ನನ್ನ ಮನೆಯ ಕಂಬ ತೋರಿಸಿ ಹೇಳಿದ ಮೇಲೆ ಅದು ನನಗೆ ಮುಟ್ಟಿತು.

ಒಣಗಿದ ಕಣ್ಣಿಗೆ ನೇತ್ರ ತರ್ಪಣ, ಅಂದರೆ ಕಣ್ಣಿನ ಮೇಲೆ ಬೆಚ್ಚನೆಯ ತುಪ್ಪ ನಿಲ್ಲಿಸುವುದು, ಮಾಡೋಣ ಅಂದರು, ಐದು ದಿನ. ಹುಬ್ಬಳ್ಳಿಯ ಡಾಕ್ಟರನ್ನು ಕೇಳಿ ಬನ್ನಿ ಅಂತಲೂ ಅಂದರು. ಕೇಳಿದೆ. ಅವರು ಹನಿ ತಪ್ಪದಿದ್ದರೆ, ಕಣ್ಣಿನಲ್ಲಿ ಉರಿಯೂತ ಇಲ್ಲದಿದ್ದರೆ ಅಡ್ಡಿ ಇಲ್ಲ ಅಂದರು. ಜೊತೆಗೆ ಹಳೆಯ ಹನಿ ಬದಲಿಸಿ ಪ್ರಿಸರ್ವೇಟಿವ್ ಇಲ್ಲದ್ದನ್ನು ಬರೆದುಕೊಟ್ಟರು. ಬಾಟಲಿಯಲ್ಲಿ ಔಷಧ ಕೆಡಬಾರದು ಅಂತ ಹಾಕುವ ವಸ್ತುವೇ ಎಷ್ಟೋ ಜನರ ಕಣ್ಣು ಒಣಗಿಸುತ್ತದಂತೆ. ನಾನು ಎರಡು ವರ್ಷ ಬಾಯಿ ಬಿಟ್ಟು ಹೇಳಿರಲೇ ಇಲ್ಲ. ಹೇಳಿದ್ದರೆ ಆಗಲೇ ಬದಲಿಸುತ್ತಿದ್ದರು.

ತರ್ಪಣದ ಮೊದಲ ದಿನ. ಮರದ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಹೊಸೆದು, ಕಣ್ಣಿನ ಸುತ್ತ ಎರಡು ಬೆರಳೆತ್ತರದ ಕಟ್ಟೆ ಕಟ್ಟಿದರು. ಹಿಟ್ಟಿನ ತಣ್ಣನೆಯ ಒದ್ದೆ ಮುಖಕ್ಕೆ ಹತ್ತಿತು. ಅಮಾವಾಸ್ಯೆಯ ಹಿಂದಿನ ರಾತ್ರಿ ಅವ್ವ ವಡೆಗೆ ರುಬ್ಬಿಡುತ್ತಿದ್ದಳಲ್ಲ, ಆ ವಾಸನೆ. ಕಟ್ಟೆ ಎಲ್ಲಿಯಾದರೂ ಸೋರುತ್ತದೇನೋ ಅಂತ ಒದ್ದೆ ಬೆರಳಿನಿಂದ ಸವರಿದರು. ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟು ಕರಗಿಸಿದ ತುಪ್ಪ. ತಮ್ಮ ಮುಂಗೈ ಮೇಲೆ ಬಿಟ್ಟು ಬಿಸಿ ನೋಡಿದರು, ಕೂಸಿಗೆ ಹಾಲು ನೋಡಿದ ಹಾಗೆ. "ಕಣ್ಣು ಮುಚ್ಚಿರ್ರಿ" ಅಂದು ಮೂಗಿನ ಬದಿಯಿಂದ ನಿಧಾನಕ್ಕೆ ಸುರಿದರು. ತುಪ್ಪ ರೆಪ್ಪೆಗೂದಲು ಮುಳುಗುವ ತನಕ ಏರಿತು. "ಈಗ ತೆಗೀರಿ."

ತೆಗೆಯಲು ಭಯವಾಯಿತು. ಹಸಿರು ರಸದ ಉರಿ ಕಣ್ಣಿಗೆ ಇನ್ನೂ ನೆನಪಿತ್ತು. ಒಂದಿಷ್ಟೇ ತೆಗೆದೆ. ಉರಿಯಲಿಲ್ಲ. ಮೇಲಿನ ಟ್ಯೂಬ್‌ಲೈಟ್ ಹಳದಿಯಾಗಿ, ಉದ್ದಕ್ಕೆ ಬಾಗಿ, ಕೆರೆಯ ನೀರಿನೊಳಗಿನಿಂದ ಸೂರ್ಯನನ್ನು ನೋಡಿದ ಹಾಗೆ ಕಂಡಿತು. ರೆಪ್ಪೆ ಬಡಿದಾಗ ತುಪ್ಪದ ಭಾರ ಗೊತ್ತಾಗುತ್ತಿತ್ತು. ಎಡಗಡೆಯ ಕಟ್ಟೆ ಒಂದು ಕಡೆ ಸೋರಿ ಒಂದು ಬೆಚ್ಚನೆಯ ಎಳೆ ಕಿವಿಯ ಹಿಂದೆ ಇಳಿಯಿತು.

"ಎಷ್ಟು ಹೊತ್ತು ಇರಬೇಕ್ರಿ?"

"ಶಾಸ್ತ್ರದಾಗ ಲೆಕ್ಕ ಐತ್ರಿ. ರೆಪ್ಪಿಯ ರೋಗಕ್ಕ ನೂರು ಮಾತ್ರೆ, ಬಿಳಿ ಭಾಗಕ್ಕ ಐನೂರು. ಅಧಿಮಂಥಕ್ಕ, ವಾತದ ಕಣ್ಣಿಗೆ ಸಾವಿರ. ನಿಮ್ಮದು ವಾತದ್ದು."

ಮಾತ್ರೆ! ಗುಳಿಗೆಗೂ ಅದೇ ಮಾತು, ಛಂದಸ್ಸಿಗೂ ಅದೇ ಮಾತು. ಇಲ್ಲಿ ಯಾವ ಮಾತ್ರೆ ಅಂತ ಕೇಳಿದೆ. ಒಂದು ಲಘು ಅಕ್ಷರ ಹೇಳುವಷ್ಟು ಹೊತ್ತು, ಅಥವಾ ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಅಂದರು. ಅಂದರೆ ನನ್ನ ಮಾತ್ರೆಯೇ! ಲಘು ಒಂದು, ಗುರು ಎರಡು, ಶಾಲೆಯಲ್ಲಿ ಎಲ್ಲರೂ ಕಲಿತದ್ದು. ತುಪ್ಪದೊಳಗೆ ಮಲಗಿಕೊಂಡೇ ಲೆಕ್ಕ ಹಾಕಿದೆ. ಭಾಮಿನಿ ಷಟ್ಪದಿಯ ಸಣ್ಣ ಸಾಲು ಒಂದಕ್ಕೆ 14 ಮಾತ್ರೆ, ಅಂಥವು ನಾಲ್ಕು, 56. ಮೂರನೆಯ ಮತ್ತು ಆರನೆಯ ಉದ್ದ ಸಾಲಿಗೆ 23, ಎರಡು ಸೇರಿ 46. ಒಂದು ಪದ್ಯಕ್ಕೆ 102. ಹತ್ತು ಪದ್ಯ ಹೇಳಿದರೆ 1020. ಸಾವಿರ ತುಂಬಿ ಸ್ವಲ್ಪ ಜಾಸ್ತಿಯೇ.

ನಮ್ಮ ಗದಗಿನಲ್ಲಿ ಹುಟ್ಟಿ ಬೆಳೆದವರಿಗೆ ಕುಮಾರವ್ಯಾಸನ ಹತ್ತು ಪದ್ಯ ಬಾರದೇ ಇರುವುದಿಲ್ಲ. ವೀರನಾರಾಯಣನ ಗುಡಿಯಲ್ಲಿ ಅವನು ಕೂತು ಬರೆದ ಅಂತ ಹೇಳುವ ಕಂಬಕ್ಕೆ ಒರಗಿ ಆಡಿ ಬೆಳೆದವಳು ನಾನು. ತುಟಿ ಜಾಸ್ತಿ ಅಲ್ಲಾಡಿಸಿದರೆ ಕಟ್ಟೆ ಬಿರಿಯುತ್ತದೆ ಅಂತ ಮನಸ್ಸಿನಲ್ಲೇ ಹೇಳಿಕೊಂಡೆ. ಏಳನೆಯ ಪದ್ಯದಲ್ಲಿ ಒಂದು ಸಾಲು ಮರೆಯಿತು. ಮತ್ತೆ ಮೊದಲಿನಿಂದ ಹಿಡಿದೆ. ಪದ್ಯ ಮುಗಿದಾಗ ಅವರು ಹತ್ತಿಯಿಂದ ತುಪ್ಪ ಹೀರಿ, ಹಿಟ್ಟಿನ ಕಟ್ಟೆ ಬಿಡಿಸಿ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಮುಖದ ಮೇಲೆ ಇಟ್ಟರು. ಆ ದಿನ ಬಿಸಿಲು ನೋಡಬಾರದು, ಮೊಬೈಲು ನೋಡಬಾರದು, ಓದಬಾರದು. ಮೂರು ತಾಸು ಎಲ್ಲವೂ ಮಂಜು ಮಂಜು. ಅವ್ವನ ಹೆಗಲು ಹಿಡಿದು ಮನೆಗೆ ಬಂದೆ. ಅಪ್ಪ ಹಿಡಿಯುತ್ತಿದ್ದ ಹೆಗಲು ಅದು.

ಐದು ದಿನವೂ ರಾತ್ರಿ ಹನಿ ಹಾಕಿದೆ. ಕರಕರ ಹೋಯಿತು. ಸುಮಾರು ಒಂದೂವರೆ ತಿಂಗಳು ಸಂಜೆ ಆರರವರೆಗೂ ಆರಾಮಾಗಿ ಓದಿದೆ. ತುಪ್ಪದಿಂದಲೋ, ಹೊಸ ಹನಿಯಿಂದಲೋ? ಎರಡರಿಂದಲೂ ಇರಬೇಕು. ತುಪ್ಪಕ್ಕೆ ಮೊದಲು ಒತ್ತಡ 16 ಇತ್ತು, ಆಮೇಲೂ 16. ಕಾಗದದ ಮೇಲಿನ ಕಪ್ಪು ಬಿಲ್ಲು ಇದ್ದಲ್ಲೇ ಇದೆ. ವೈದ್ಯೆ ಮೊದಲೇ ಹೇಳಿದ್ದರು, "ಇದು ಕಣ್ಣಿಗೆ ಹಿತ. ನರಕ್ಕ ನಿಮ್ಮ ಹನಿ." ನನಗೆ ಹಾಯೆನಿಸಿದ್ದು ಒಂದು. ನನ್ನನ್ನು ಕಾಯುತ್ತಿರುವುದು ಇನ್ನೊಂದು. ಆ ಹಳ್ಳಿಯಲ್ಲಿ ನಾನು ಎರಡನ್ನೂ ಒಂದೇ ಅಂದುಕೊಂಡೆ, ಅದಕ್ಕೇ ಬಲಗಣ್ಣಿನಲ್ಲಿ ಅಷ್ಟು ಜಾಗ ಹೋಯಿತು.

ಈಗ ಕಣ್ಣಿನ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ. ಪ್ರೆಸ್ಸಿನಲ್ಲಿ ಯಾರೋ ತ್ರಿಫಲಾ ಕಷಾಯದಿಂದ ಕಣ್ಣು ತೊಳೆಯಬಹುದಾ ಅಂತ ಕೇಳಿದರು. ನೆಲ್ಲಿ, ಅಳಲೆ, ತಾರೆ ಒಳ್ಳೆಯವೇ. ಆದರೆ ಮನೆಯ ಪಾತ್ರೆಯಲ್ಲಿ ಕುದಿಸಿ ಸೀರೆಯ ಸೆರಗಿನಲ್ಲಿ ಸೋಸಿದ್ದನ್ನು ಕಣ್ಣಿಗೆ ಹಾಕಬೇಡಿ, ನಂಜಾದರೆ ಕರಿಗುಡ್ಡೆಯ ಮೇಲೆ ಹುಣ್ಣಾಗುತ್ತದೆ ಅಂದೆ. ಜೇನು, ಈರುಳ್ಳಿ ರಸದ ಮಾತಂತೂ ಬೇಡವೇ ಬೇಡ. ಪಕ್ಕದ ಮನೆಯ ಹುಡುಗನಿಗೆ ಬೇಸಿಗೆ ಬಂದರೆ ಕಣ್ಣು ತುರಿಸುತ್ತದೆ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ಒಂದು ಹನಿಯನ್ನು ಎರಡು ವರ್ಷದಿಂದ ಹಾಕುತ್ತಿದ್ದರು, ಹಾಕಿದ ಕೂಡಲೇ ತುರಿಕೆ ಮಾಯ ಅಂತ. ಬಾಟಲಿ ತಿರುಗಿಸಿ ನೋಡಿದರೆ ಸ್ಟೆರಾಯ್ಡ್. ಅದನ್ನು ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ, ಮಕ್ಕಳಿಗೂ ಗ್ಲಾಕೋಮಾ ಬರಬಹುದು. ಅವರಪ್ಪನನ್ನು ಅವತ್ತೇ ಹುಬ್ಬಳ್ಳಿಗೆ ಕಳಿಸಿದೆ.

ನಮ್ಮ ಊರಿನಲ್ಲಿ ಕುರುಡುತನ ಅಂದರೆ ಬದುಕು ಮುಗಿಯಿತು ಅಂತ ಯಾರೂ ಹೇಳುವುದಿಲ್ಲ. ಪುಟ್ಟರಾಜ ಗವಾಯಿಗಳು ಬದುಕಿದ್ದ ಊರು ಇದು. ಹಸುಗೂಸಿದ್ದಾಗಲೇ ಕಣ್ಣು ಕಳೆದುಕೊಂಡವರು, 2010ರಲ್ಲಿ ತೀರಿಕೊಳ್ಳುವವರೆಗೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನ ಹಾಕಿ, ಹಾಡು ಕಲಿಸಿ ಬೆಳೆಸಿದರು. ಬೆಳಿಗ್ಗೆ ಆ ದಾರಿಯಲ್ಲಿ ಹೋದರೆ ಮಕ್ಕಳ ಹಾಡಿನ ಸಾಧನೆ ಕೇಳಿಸುತ್ತದೆ. ಮುಂದೆ ಒಂದು ದಿನ ಬಂದರೆ ಬರಲಿ ಅಂತ ನನಗೆ ಧೈರ್ಯ ಸಿಗುವುದು ಅಲ್ಲಿಂದಲೇ. ಆದರೂ ಓದುವ ಕಣ್ಣು ನನಗೆ ಬೇಕು. ಕೈಲಾದಷ್ಟು ದಿನ ಬೇಕು.

ತಮ್ಮನಿಗೆ ಎರಡು ವರ್ಷದಿಂದ ಹೇಳುತ್ತಿದ್ದೆ. ಅಪ್ಪನಿಗೆ ಇತ್ತು, ನನಗಿದೆ, ನೀನೂ ತೋರಿಸು ಅಂತ. "ನನಗ ಛಲೋ ಕಾಣತೈತಿ ಅಕ್ಕಾ" ಅನ್ನುತ್ತಿದ್ದ. ನನಗೂ ಛಲೋ ಕಾಣುತ್ತಿತ್ತು. ಹೋದ ತಿಂಗಳು ಕೊನೆಗೂ ಬಂದ. ಒತ್ತಡ 25. ಚಿತ್ರದಲ್ಲಿ ಕಪ್ಪು ಎಲ್ಲಿಯೂ ಇಲ್ಲ, ಎರಡೂ ಕಣ್ಣು ಪೂರ್ತಿ ಬಿಳಿ. ಆ ಕಾಗದ ಹಿಡಿದುಕೊಂಡು ಆಸ್ಪತ್ರೆಯ ವರಾಂಡದಲ್ಲಿ ಎಷ್ಟೋ ಹೊತ್ತು ನಿಂತಿದ್ದೆ. ನರವನ್ನೂ ನೋಡಿ, ಅಪ್ಪನ ವಿಷಯ ಕೇಳಿ, ಅವನಿಗೂ ರಾತ್ರಿಯ ಹನಿ ಬರೆದರು.

ಅವತ್ತು ರಾತ್ರಿ ನಮ್ಮ ಮನೆಯಲ್ಲೇ ಉಳಿದ. ಹನಿ ಹಾಕುವುದನ್ನು ತೋರಿಸಿದೆ. ಕೈ ತೊಳೆದುಕೋ. ತಲೆ ಹಿಂದಕ್ಕೆ. ಕೆಳರೆಪ್ಪೆ ಜಗ್ಗಿ ಒಂದೇ ಹನಿ. ಬಾಟಲಿಯ ಮೂತಿ ಕಣ್ಣಿಗೆ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿ, ಇಲ್ಲದಿದ್ದರೆ ಔಷಧ ಮೂಗಿನೊಳಗೆ ಇಳಿದುಹೋಗುತ್ತದೆ.

"ಎಷ್ಟೊತ್ತು ಹಿಡೀಲಿ ಅಕ್ಕಾ?"

"ಮೂರು ಪದ್ಯ."

"ನನಗೆಲ್ಲಿ ಪದ್ಯ ಬರ್ತಾವ?"

"ನಾ ಹೇಳ್ತೀನಿ. ನೀ ಹಿಡಕೊಂಡಿರು."